ಮೈನ್ಸ್ ಊರಿನ ಮುದುಕ ಹೇಳಿದ ಮಾತು

ಪ್ರಶ್ನೆ: ಮೇಷ್ಟ್ರೇ, ನಾನು ಕೆಎಎಸ್‌ಗೆ ಓದುತ್ತಿದ್ದೇನೆ. ಅಮೆರಿಕದ ಸೆನೆಟರ್ ರಾಬರ್ಟ್ ಬರ್ಡ್ 51 ವರ್ಷ ಸೆನೆಟ್‌ನಲ್ಲೇ, ಅಂದರೆ ಅಲ್ಲಿನ ಸಂಸತ್ತಿನ ಮೇಲ್ಮನೆಯಲ್ಲೇ ಇದ್ದರಂತೆ. ಜೀವನವಿಡೀ ಕಲ್ಲಿದ್ದಲು ಗಣಿಗಳ ಪರ ನಿಂತವರು ಕೊನೆಗೆ ಮಾತು ಬದಲಿಸಿದರಂತೆ. ಇದು ಪ್ರಾಮಾಣಿಕತೆಯೋ, ರಾಜಕೀಯವೋ?
– ಒಬ್ಬ ಓದುಗ, ಸಂಡೂರು

ಉತ್ತರ: ತಮ್ಮಾ, ಸಂಡೂರಿನಲ್ಲಿ ಕೂತು ಈ ಪ್ರಶ್ನೆ ಕೇಳಿದೆಯಲ್ಲ, ಅದಕ್ಕೇ ಸ್ವಲ್ಪ ಉದ್ದ ಬರೆಯುತ್ತೇನೆ.

ಬರ್ಡ್ ಅವರ ರಾಜ್ಯ ವೆಸ್ಟ್ ವರ್ಜೀನಿಯಾ. ನಮಗೆ ಅದಿರು ಹೇಗೋ ಅವರಿಗೆ ಕಲ್ಲಿದ್ದಲು ಹಾಗೆ. ತಾಯಿ ತೀರಿಕೊಂಡ ಮೇಲೆ ಕೂಸನ್ನು ಸಾಕಿದ್ದು ಸೋದರತ್ತೆ. ಆಕೆಯ ಗಂಡ ಗಣಿ ಕೂಲಿ. ಹುಡುಗ ದೊಡ್ಡವನಾದ ಮೇಲೆ ಪೆಟ್ರೋಲ್ ಬಂಕ್‌ನಲ್ಲಿ ದುಡಿದ, ಮಾಂಸದಂಗಡಿಯಲ್ಲಿ ದುಡಿದ. 1959ರಲ್ಲಿ ಸೆನೆಟ್‌ಗೆ ಬಂದವರು 2010ರ ಜೂನ್‌ನಲ್ಲಿ, 92ನೇ ವಯಸ್ಸಿನಲ್ಲಿ ತೀರಿಕೊಳ್ಳುವವರೆಗೂ ಅಲ್ಲೇ ಇದ್ದರು. ಅಲ್ಲಿ ಒಂದು ಅವಧಿ ಎಂದರೆ 6 ವರ್ಷ. ಒಟ್ಟು 9 ಸಲ ಗೆದ್ದರು!

ಗೆಲುವಿನ ಗುಟ್ಟು ನಿನಗೂ ಗೊತ್ತು. ದಿಲ್ಲಿಯಿಂದ ದುಡ್ಡು ತರುವ ಎಂಪಿಯನ್ನು ನಾವು ಬಿಡುತ್ತೇವಾ? ಕೇಂದ್ರದ ಖರ್ಚು ಹಂಚುವ ಸಮಿತಿಗೆ ಬರ್ಡ್ 1989ರಲ್ಲಿ ಅಧ್ಯಕ್ಷರಾದರು. ರಸ್ತೆ, ಸೇತುವೆ, ಕಚೇರಿ, ಎಲ್ಲ ತಮ್ಮ ರಾಜ್ಯಕ್ಕೆ ತಂದರು. ಅಲ್ಲಿನ 100 ಮೀಟರ್ ಅಗಲದ ರೇಡಿಯೋ ದೂರದರ್ಶಕಕ್ಕೂ ಅವರದೇ ಹೆಸರು. ಕಲ್ಲಿದ್ದಲನ್ನು ಮುಟ್ಟಿದರೆ ಮಾತ್ರ ಸುಮ್ಮನಿರುತ್ತಿರಲಿಲ್ಲ. 1997ರಲ್ಲಿ, ಬಡ ದೇಶಗಳನ್ನು ಬಿಟ್ಟು ಅಮೆರಿಕದಂಥ ದೇಶಗಳಿಗಷ್ಟೇ ಹೊಗೆಯ ಮಿತಿ ಹಾಕುವ ಹವಾಮಾನ ಒಪ್ಪಂದ ಬೇಡ ಎಂಬ ಗೊತ್ತುವಳಿ ತಂದರು. ಪರವಾಗಿ 95 ಮತ, ವಿರುದ್ಧ ಸೊನ್ನೆ. ಗುಡ್ಡದ ತಲೆಯನ್ನೇ ಸಿಡಿಸಿ ಕಲ್ಲಿದ್ದಲು ತೆಗೆಯುವುದನ್ನು ಕೋರ್ಟ್ ತಡೆದಾಗ, 1999ರಲ್ಲಿ ಗಣಿಯವರ ಪರ ನಿಂತರು.

ಅದೇ ಮನುಷ್ಯ 2009ರ ಡಿಸೆಂಬರ್‌ನಲ್ಲಿ ತಮ್ಮ ಜನಕ್ಕೇ ಒಂದು ಬಹಿರಂಗ ಬರಹ ಬರೆದರು. ಬದಲಾವಣೆ ಬಂದೇ ಬರುತ್ತದೆ, ಮೊದಲೇ ತಯಾರಾಗಿ, ಇಲ್ಲದಿದ್ದರೆ ಅದು ನಿಮ್ಮನ್ನು ತುಳಿದುಕೊಂಡು ಹೋಗುತ್ತದೆ ಎಂಬುದು ಅದರ ಸಾರ. ನಿಮ್ಮ ಕೆಲಸ ಹೋಗಿದ್ದು ಬರೀ ಸರ್ಕಾರದ ಕಾನೂನಿನಿಂದಲ್ಲ, ಗುಡ್ಡ ಸಿಡಿಸುವ ಗಣಿಗೆ ಆಳೇ ಕಡಿಮೆ ಸಾಕು ಎಂದೂ ಹೇಳಿದರು. ಕಲ್ಲಿದ್ದಲು ನಾಳೆಯೇ ನಿಲ್ಲುತ್ತದೆ ಎನ್ನಲಿಲ್ಲ, ಅದನ್ನೂ ನೆನಪಿಡು.

ಇದನ್ನು ಓದಿದಾಗ ನನಗೆ ನೆನಪಾಗಿದ್ದು ನಮ್ಮಣ್ಣನ ಲಾರಿ. ಚೀನಾಕ್ಕೆ ಅದಿರು ಹೋಗುತ್ತಿದ್ದ ಕಾಲ. ಮನೆಯವರ ಬಂಗಾರ ಅಡವಿಟ್ಟು, ಮೇಲೆ ಸಾಲ ಮಾಡಿ ಹತ್ತು ಗಾಲಿ ಲಾರಿ ತಂದ. ತೋರಣಗಲ್ಲು ರಸ್ತೆಯಲ್ಲಿ ಸಾಲುಗಟ್ಟಿ ನಿಂತ ಲಾರಿಗಳ ನಡುವೆ ಅವನದೂ ಒಂದು. ಅಂಗಿ, ಹಲ್ಲು, ಬುತ್ತಿ ಡಬ್ಬಿ ಎಲ್ಲ ಕೆಂಪು. ಅತ್ತಿಗೆ ಅವನ ಅಂಗಿಯನ್ನು ಬೇರೆ ಬಕೆಟ್‌ನಲ್ಲೇ ನೆನೆಸುತ್ತಿದ್ದರು. 2011ರ ಜುಲೈ 29ಕ್ಕೆ ಸುಪ್ರೀಂ ಕೋರ್ಟ್ ಬಳ್ಳಾರಿಯ ಮೈನ್ಸ್ ನಿಲ್ಲಿಸಿತು. ಮುಂದಿನ ತಿಂಗಳ ಕಂತು ಕಟ್ಟಲಾಗಲಿಲ್ಲ. ಮೂರು ಕಂತು ಬಾಕಿ ಬಿದ್ದ ಮೇಲೆ ಫೈನಾನ್ಸಿನವರು ಬಂದು ಲಾರಿ ಎಳೆದುಕೊಂಡು ಹೋದರು. ಕೋರ್ಟ್ ಮಾಡಿದ್ದು ತಪ್ಪು ಅಂತ ನಾನು ಹೇಳುವುದಿಲ್ಲ. ಕಳ್ಳ ಅದಿರು ನಮ್ಮ ಕಣ್ಣೆದುರಿಗೇ ಹೋಗಿತ್ತು. ಆದರೆ ಅಷ್ಟು ವರ್ಷ ನಮ್ಮ ಮನೆಗೆ ವೋಟು ಕೇಳಲು ಬಂದ ಒಬ್ಬನಾದರೂ 'ಇದು ಹೀಗೇ ನಡೆಯಲ್ಲ, ಸಾಲ ಮಾಡಬೇಡ' ಎಂದಿದ್ದರೆ? ಎಲ್ಲರೂ 'ತಗೋ ತಗೋ' ಎಂದವರೇ.

ಪ್ರಾಮಾಣಿಕತೆಯೋ ರಾಜಕೀಯವೋ ಎಂದೆಯಲ್ಲ. ಮಾತು ನಿಜವೇ, ಹೇಳಿದ ಹೊತ್ತು ಮಾತ್ರ ಸುಲಭದ್ದು. 92ರ ಮುದುಕನಿಗೆ ಮುಂದಿನ ಚುನಾವಣೆಯ ಭಯ ಎಲ್ಲಿಯದು? ಇದೇ ಮಾತನ್ನು 1999ರಲ್ಲಿ ಹೇಳಿದ್ದರೆ ನಾನು ಎದ್ದು ನಿಂತು ಕೈ ಮುಗಿಯುತ್ತಿದ್ದೆ. ಈಗ ಕೂತೇ ಕೈ ಮುಗಿಯುತ್ತೇನೆ. 2010ರ ಏಪ್ರಿಲ್‌ನಲ್ಲಿ ಅವರ ರಾಜ್ಯದ ಒಂದು ಗಣಿ ಸ್ಫೋಟಿಸಿ 29 ಜನ ಸತ್ತರು. ಮರುತಿಂಗಳು ಗಾಲಿಕುರ್ಚಿಯಲ್ಲೇ ಬಂದು ಗಣಿ ಕಂಪನಿಯ ಮುಖ್ಯಸ್ಥರನ್ನು ತರಾಟೆಗೆ ತೆಗೆದುಕೊಂಡರು. ಅದು ನಾಟಕ ಎನ್ನಲು ನನಗೆ ಮನಸ್ಸು ಬರುವುದಿಲ್ಲ.

ಪ್ರಶ್ನೆ: ಅದೇ ಬರ್ಡ್, ಕಪ್ಪು ಜನರನ್ನು ದ್ವೇಷಿಸುವ ಬಿಳಿಯರ ಸಂಘಟನೆ ಕು ಕ್ಲಕ್ಸ್ ಕ್ಲಾನ್‌ನಲ್ಲಿ ಇದ್ದವರಲ್ಲವೇ ಸರ್? ಅಂಥವರನ್ನು ಹೊಗಳಬಹುದಾ?
– ಓದುಗರು, ಕೌಲ್ ಬಜಾರ್, ಬಳ್ಳಾರಿ

ಉತ್ತರ: ಹೌದಮ್ಮಾ, 1940ರ ದಶಕದಲ್ಲಿ ಇದ್ದರು. ಕಪ್ಪು ಜನರಿಗೆ ಸಮಾನ ಹಕ್ಕು ಕೊಡುವ 1964ರ ನಾಗರಿಕ ಹಕ್ಕುಗಳ ಮಸೂದೆ ತಡೆಯಲು 14 ಗಂಟೆಗೂ ಜಾಸ್ತಿ ನಿಂತು ಭಾಷಣ ಮಾಡಿದರು. ಆಮೇಲೆ ತಪ್ಪಾಯಿತು ಅಂತ ಹಲವು ಸಲ ಕ್ಷಮೆ ಕೇಳಿದರು. 2008ರಲ್ಲಿ ಒಬಾಮಾ ಅವರನ್ನು ಬೆಂಬಲಿಸಿದರು. ಕ್ಷಮಿಸಬೇಕೋ ಬೇಡವೋ ಅನ್ನೋದು ಆ ಮಸೂದೆಗೆ ಕಾಯುತ್ತಾ ಕೂತಿದ್ದವರಿಗೆ ಬಿಟ್ಟಿದ್ದು. ಬಳ್ಳಾರಿಯ ಮೇಷ್ಟ್ರಿಗೆ ಆ ಹಕ್ಕಿಲ್ಲ.