ಜೈಲಿನ ಹತ್ತಿರ ಫ್ಲಾಟ್ ತಗೊಳ್ಳೋ ಮುಂಚೆ ಸಿಗ್ನಲ್ ನೋಡಿ

ಪರಪ್ಪನ ಅಗ್ರಹಾರ ಜೈಲಿನ ಹತ್ತಿರ ಕಡಿಮೆ ರೇಟಿಗೆ ಫ್ಲಾಟ್ ಸಿಕ್ಕಿದೆ, ಆದರೆ ಮನೆಯವರು ಕೈದಿಗಳಿಗೆ ಹೆದರುತ್ತಿದ್ದಾರೆ, ತಗೊಳ್ಳಬಹುದಾ ಅಂತ ಕೇಳಿದ್ದೀರಿ. ಆ ಭಯ ಬಿಡಿ. ತಪ್ಪಿಸಿಕೊಂಡವನು ಜೈಲಿನ ಪಕ್ಕದಲ್ಲೇ ಸುತ್ತಾಡುವುದಿಲ್ಲ, ದೂರ ಓಡುತ್ತಾನೆ. ಹಿಂದೆ ಬೆಂಗಳೂರಿನ ಸೆಂಟ್ರಲ್ ಜೈಲು ಈಗಿನ ಫ್ರೀಡಂ ಪಾರ್ಕ್ ಜಾಗದಲ್ಲಿ, ಊರ ಮಧ್ಯೆಯೇ ಇತ್ತಲ್ವಾ?

ನನಗೆ ಚಿಂತೆ ಇರುವುದು ಜಾಮರ್ ಬಗ್ಗೆ. ಒಳಗೆ ಮೊಬೈಲ್ ನಡೆಯಬಾರದು ಅಂತ ಹಾಕಿದ್ದು ಹೊರಗಿನ ಮನೆಗಳಿಗೂ ಕಾಟ ಕೊಡುತ್ತಿದೆ ಅಂತ ಅಲ್ಲಿನ ನಿವಾಸಿಗಳು ಹಲವು ಸಲ ದೂರಿದ್ದಾರೆ. ಒಟಿಪಿ ಬರದಿದ್ದರೆ ಹೇಗೋ ತಡೆದುಕೊಳ್ಳಬಹುದು. ರಾತ್ರಿ ಆಂಬುಲೆನ್ಸ್‌ಗೆ ಫೋನ್ ಹೋಗದಿದ್ದರೆ? ವಯಸ್ಸಾದವರು ಜೊತೆಗಿದ್ದರೆ ಇದು ಸಣ್ಣ ವಿಷಯ ಅಲ್ಲ. ಹಾಗಾಗಿ ಬೇರೆ ಬೇರೆ ಕಂಪನಿಯ ಸಿಮ್ ತಗೊಂಡು ಹೋಗಿ. ಹಗಲು ಒಮ್ಮೆ, ರಾತ್ರಿ ಒಮ್ಮೆ. ಬಾಲ್ಕನಿಯಲ್ಲಿ ಎರಡು ಕಡ್ಡಿ ಕಂಡರೆ ನಂಬಬೇಡಿ, ಒಳಗಿನ ರೂಮಿನ ಬಾಗಿಲು ಹಾಕಿಕೊಂಡು ಮಾತಾಡಿ ನೋಡಿ. ಫೈಬರ್ ಇದ್ದರೆ ವೈಫೈ ಕಾಲಿಂಗ್ ನಡೆಯುತ್ತದೆ, ಆದರೆ ಕರೆಂಟ್ ಹೋದಾಗ ರೂಟರ್‌ಗೆ ಯುಪಿಎಸ್ ಬೇಕೇ ಬೇಕು.

ನೆಟ್‌ವರ್ಕ್ ಸರಿಯಿದ್ದರೆ ನಾನಾದರೆ ತಗೊಳ್ಳುತ್ತೇನೆ. ಎಲೆಕ್ಟ್ರಾನಿಕ್ ಸಿಟಿ ಹತ್ತಿರ, ಬಾಡಿಗೆಗೆ ಜನ ಸಿಗುತ್ತಾರೆ. ಖಾತಾ, ಇಸಿ (ಆಸ್ತಿಯ ಮೇಲೆ ಸಾಲ, ಋಣ ಇದೆಯಾ ಅಂತ ತೋರಿಸುವ ಪತ್ರ) ಎಲ್ಲ ವಕೀಲರಿಗೆ ತೋರಿಸಿ. ಆಮೇಲೆ, ಈಗ ಅಲ್ಲಿರುವ ಬಾಡಿಗೆದಾರರನ್ನೂ ಒಮ್ಮೆ ಮಾತಾಡಿಸಿ. ಮಾರುವವರ ಹಾಗೆ ಅವರು ಮುಚ್ಚಿಡುವುದಿಲ್ಲ.