ಮಾತಾಡದ ಹುಡುಗಿ, ಕೆಲಸ ಬಿಡಲು ಹೊರಟಿದ್ದ ಸಲಹೆಗಾರ್ತಿ

(ಇಲ್ಲಿ ಬರುವವರ ಒಪ್ಪಿಗೆ ಪಡೆದು ಬರೆದಿದ್ದೇನೆ. ಗುರುತು ಸಿಗಬಹುದಾದ ವಿವರಗಳನ್ನು ಬದಲಿಸಿದ್ದೇನೆ.)

ಕಳೆದ ವರ್ಷದ ಆಗಸ್ಟ್ ತಿಂಗಳ ಒಂದು ಶನಿವಾರ, ಶಾಲೆ ಬಿಟ್ಟ ಮೇಲೆ, ಇಪ್ಪತ್ತಾರು ವರ್ಷದ ಶಾಲಾ ಆಪ್ತಸಲಹೆಗಾರ್ತಿಯೊಬ್ಬರು ಮೈಸೂರಿನ ನನ್ನ ಕೊಠಡಿಗೆ ಬಂದರು. ಮನಃಶಾಸ್ತ್ರದಲ್ಲಿ ಎಂ.ಎಸ್ಸಿ. ಮುಗಿಸಿ ಖಾಸಗಿ ಪ್ರಾಥಮಿಕ ಶಾಲೆಯೊಂದಕ್ಕೆ ಸೇರಿ ಅವರಿಗೆ ಹದಿನಾಲ್ಕು ತಿಂಗಳಾಗಿತ್ತು. ಚೀಲದಿಂದ ರಾಜೀನಾಮೆ ಪತ್ರ ತೆಗೆದು ಮೇಜಿನ ಮೇಲಿಟ್ಟು, ‘ಮೇಡಂ, ಇದನ್ನು ಸೋಮವಾರ ಕೊಡೋಣವೆಂದಿದ್ದೇನೆ. ಅದಕ್ಕೆ ಮುಂಚೆ ನಿಮ್ಮನ್ನೊಂದು ಮಾತು ಕೇಳಬೇಕೆನಿಸಿತು’ ಎಂದರು.

ಅವರ ದೂರುಗಳು ನನಗೆ ಹೊಸದಾಗಿರಲಿಲ್ಲ. ಒಂದರಿಂದ ಏಳನೇ ತರಗತಿಯವರೆಗಿನ ಸುಮಾರು ಎಂಟುನೂರು ಮಕ್ಕಳಿಗೆ ಅವರೊಬ್ಬರೇ ಸಲಹೆಗಾರ್ತಿ. ಯಾವ ಶಿಕ್ಷಕಿ ರಜೆ ಹಾಕಿದರೂ ಆ ಪೀರಿಯಡ್ ಇವರ ಪಾಲಿಗೆ ಬರುತ್ತಿತ್ತು. ತರಗತಿಯಲ್ಲಿ ಗಲಾಟೆ ಮಾಡಿದವರನ್ನು ‘ಕೌನ್ಸೆಲಿಂಗ್ ರೂಮಿಗೆ ಕಳಿಸ್ತೀನಿ ನೋಡು’ ಎಂದು ಹೆದರಿಸಿ ಕಳಿಸುತ್ತಿದ್ದುದರಿಂದ, ನಿಜವಾಗಿ ಬರಬೇಕಾದ ಮಕ್ಕಳು ಆ ಬಾಗಿಲಿನತ್ತ ತಲೆ ಹಾಕುವುದನ್ನೇ ಬಿಟ್ಟಿದ್ದರು. ಮುಖ್ಯಶಿಕ್ಷಕರು ಪ್ರತಿ ಮಗುವಿನ ಟಿಪ್ಪಣಿಯನ್ನೂ ತೋರಿಸಿ ಎನ್ನುತ್ತಿದ್ದರು, ತಂದೆತಾಯಂದಿರು ಎರಡು ಭೇಟಿಯಲ್ಲಿ ಮಗುವನ್ನು ಸರಿ ಮಾಡಿಕೊಡಿ ಎನ್ನುತ್ತಿದ್ದರು. ಇವೆಲ್ಲವನ್ನೂ ಅವರು ಸಮಾಧಾನವಾಗಿಯೇ ಹೇಳಿದರು. ಧ್ವನಿ ನಡುಗಿದ್ದು ಎರಡನೇ ತರಗತಿಯ ಒಬ್ಬ ಹುಡುಗಿಯ ವಿಷಯಕ್ಕೆ ಬಂದಾಗ.

ಏಳು ವರ್ಷದ ಆ ಹುಡುಗಿ ಮನೆಯಲ್ಲಿ ಅಜ್ಜಿಯೊಂದಿಗೆ ಪಟಪಟನೆ ಮಾತಾಡುತ್ತಾಳೆ, ಹಾಡುತ್ತಾಳೆ, ತಮ್ಮನನ್ನು ಗದರಿಸುತ್ತಾಳೆ. ಶಾಲೆಯ ಗೇಟು ದಾಟಿದ ಮೇಲೆ ಒಂದು ಅಕ್ಷರವೂ ಇಲ್ಲ. ಅದರ ಹಿಂದಿನ ವರ್ಷವಿಡೀ ಹೀಗೇ ಇತ್ತು. ಶಿಕ್ಷಕಿ ಇದನ್ನು ಹಟವೆಂದು ತಿಳಿದಿದ್ದರು, ಏಕೆಂದರೆ ಲೆಕ್ಕ ಸರಿಯಾಗಿ ಮಾಡುತ್ತಾಳೆ, ಬರವಣಿಗೆ ಚೆಂದ, ಕೇಳಿದರೆ ಮಾತ್ರ ನೆಲ ನೋಡುತ್ತಾಳೆ. ಆ ವಾರ ಆಕೆ ತರಗತಿಯಲ್ಲೇ ಮೂತ್ರ ಮಾಡಿಕೊಂಡಿದ್ದಳು. ‘ಬಾಯಿ ಬಿಟ್ಟು ಕೇಳಿದ್ದರೆ ಕಳಿಸುತ್ತಿರಲಿಲ್ಲವೇ’ ಎಂದು ಶಿಕ್ಷಕಿ ಎಲ್ಲರೆದುರು ಕೇಳಿದ್ದರು. ಆಮೇಲೆ ನಮ್ಮ ಸಲಹೆಗಾರ್ತಿ ಆಕೆಯನ್ನು ಕೊಠಡಿಗೆ ಕರೆದುಕೊಂಡು ಹೋಗಿ ಇಪ್ಪತ್ತು ನಿಮಿಷ ಮುದ್ದುಮಾತಿನಲ್ಲಿ ಪ್ರಶ್ನೆ ಕೇಳಿದ್ದರು. ಹುಡುಗಿ ಕಲ್ಲಿನಂತೆ ಕುಳಿತಿದ್ದಳು. ‘ನನಗೆ ಈ ಕೆಲಸ ಬರುವುದಿಲ್ಲ ಮೇಡಂ’ ಎಂದು ಅವರು ತೀರ್ಮಾನಿಸಿದ್ದು ಅಂದೇ.

ನಾನು ರಾಜೀನಾಮೆಯ ಮಾತನ್ನು ಬದಿಗಿಟ್ಟು ಹುಡುಗಿಯ ಬಗ್ಗೆ ಕೇಳಿದೆ. ಆಟದ ಬಯಲಿನಲ್ಲಿ ಕನ್ನಡ ಮಾತಾಡುವ ಗೆಳತಿಯರ ಜೊತೆಗಾದರೂ ಮಾತಿದೆಯೇ? ಇಲ್ಲ ಎಂದರು. ಈ ಉತ್ತರ ಮುಖ್ಯವಾದದ್ದು, ಏಕೆಂದರೆ ಮನೆಯಲ್ಲಿ ಕನ್ನಡ, ಶಾಲೆಯಲ್ಲಿ ಇಂಗ್ಲಿಷ್ ಆದಾಗ ಎಷ್ಟೋ ಮಕ್ಕಳು ಮೊದಮೊದಲು ಭಾಷೆ ತಿಳಿಯದೆ ಸುಮ್ಮನಿರುತ್ತಾರೆ, ಅದು ಕಾಯಿಲೆಯಲ್ಲ. ಆದರೆ ತನಗೆ ಚೆನ್ನಾಗಿ ಬರುವ ಭಾಷೆಯಲ್ಲೂ, ಶಾಲೆಗೆ ಹೊಂದಿಕೊಳ್ಳುವ ಮೊದಲ ತಿಂಗಳು ಕಳೆದ ಮೇಲೂ, ಕೆಲವು ಜಾಗಗಳಲ್ಲಿ ಮಾತ್ರ ಮಗುವಿನ ಮಾತು ನಿಂತುಹೋಗುತ್ತಿದ್ದರೆ ಸೆಲೆಕ್ಟಿವ್ ಮ್ಯೂಟಿಸಂ ಇರಬಹುದೇ ಎಂದು ನೋಡಿಸಬೇಕು. ಇದನ್ನು ಆತಂಕದ ತೊಂದರೆಗಳ ಸಾಲಿಗೆ ಸೇರಿಸಿದ್ದಾರೆ. ಮಗು ಮಾತಾಡುವುದಿಲ್ಲ ಎಂದು ಹಟ ಹಿಡಿದಿರುವುದಿಲ್ಲ. ಆ ಕ್ಷಣದಲ್ಲಿ ಗಂಟಲು ಕಟ್ಟಿ ಮಾತು ಹೊರಡದೆ ಇರುತ್ತದೆ. ಮುದ್ದಿನಿಂದ ಕೇಳಿದ ಪ್ರಶ್ನೆಯೂ ಅಂಥ ಮಗುವಿಗೆ ಒತ್ತಾಯವೇ ಆಗುತ್ತದೆ ಎಂಬುದನ್ನು ಅವರು ಓದಿರಲಿಲ್ಲವೆಂದಲ್ಲ, ಎದುರಿಗೆ ಮಗು ಕುಳಿತಿದ್ದಾಗ ಅದು ನೆನಪಾಗಿರಲಿಲ್ಲ.

ರೋಗದ ಹೆಸರು ಹೇಳುವ ಅಧಿಕಾರ ಶಾಲಾ ಸಲಹೆಗಾರರಿಗಿಲ್ಲ. ಹಾಗಾಗಿ ಮೊದಲ ಸಲಹೆ, ತಾಯಿಯನ್ನು ಕರೆಸಿ, ಮಗುವಿನ ಶ್ರವಣ ಮತ್ತು ವಾಕ್ ಪರೀಕ್ಷೆಯನ್ನು ಮೈಸೂರಿನ ಅಖಿಲ ಭಾರತ ವಾಕ್ ಮತ್ತು ಶ್ರವಣ ಸಂಸ್ಥೆಯಲ್ಲಿ ಮಾಡಿಸಲು ಹೇಳುವುದು, ನಂತರ ಮಕ್ಕಳ ಮನೋವೈದ್ಯರು ಅಥವಾ ನೋಂದಾಯಿತ ಕ್ಲಿನಿಕಲ್ ಸೈಕಾಲಜಿಸ್ಟ್ ಅವರ ಬಳಿ ಕಳಿಸುವುದು. ತಾಯಿಯ ಮುಂದೆ ‘ನಿಮ್ಮ ಮಗಳಿಗೆ ಮಾನಸಿಕ ತೊಂದರೆ’ ಎಂದು ಆರಂಭಿಸಬೇಡಿ, ‘ಮನೆಯಲ್ಲಿ ಅವಳು ಹೇಗೆ ಮಾತಾಡುತ್ತಾಳೆ, ನನಗೆ ಹೇಳಿಕೊಡಿ ಅಮ್ಮ’ ಎಂದು ಆರಂಭಿಸಿ ಎಂದೆ. ತಾಯಿ ಅಂದು ತನ್ನ ಫೋನಿನಲ್ಲಿದ್ದ ಮಗಳ ಹಾಡಿನ ವಿಡಿಯೊ ತೋರಿಸಿ ಅತ್ತರಂತೆ. ಪರೀಕ್ಷೆಯಲ್ಲಿ ಕಿವಿ, ಮಾತು ಎರಡೂ ಸರಿಯಿದ್ದವು. ತಜ್ಞರು ನಮ್ಮ ಸಂದೇಹವನ್ನೇ ದೃಢಪಡಿಸಿ, ಶಾಲೆಯಲ್ಲಿ ಮಾಡಬೇಕಾದ ಕ್ರಮಗಳಿಗೆ ಜೊತೆಯಾದರು.

ಆದರೆ ಪರೀಕ್ಷೆಯ ದಿನಕ್ಕೆ ಕಾಯದೆ ಸೋಮವಾರವೇ ಆಗಬೇಕಾದ ಕೆಲಸವೊಂದಿತ್ತು. ಹುಡುಗಿಯ ಡೆಸ್ಕಿನ ಮೂಲೆಗೆ ಒಂದು ಹಳದಿ ಕಾರ್ಡು ಕೊಡಿಸಿ, ಅದನ್ನು ಶಿಕ್ಷಕಿಯ ಮೇಜಿನ ಮೇಲಿಟ್ಟರೆ ಶೌಚಾಲಯಕ್ಕೆ ಹೋಗಬಹುದು, ಯಾರನ್ನೂ ಕೇಳಬೇಕಿಲ್ಲ ಎಂದು ವ್ಯವಸ್ಥೆ ಮಾಡಲು ಹೇಳಿದೆ. ಅವಳೊಬ್ಬಳಿಗೇ ಕೊಟ್ಟರೆ ಎಲ್ಲರ ಕಣ್ಣಿಗೆ ಬೀಳುತ್ತಾಳೆ, ಆದ್ದರಿಂದ ತರಗತಿಯ ಎಲ್ಲ ಮಕ್ಕಳಿಗೂ ಕೊಡಿಸಿ ಎಂದೆ. ಹಾಜರಿ ಕೂಗಿದಾಗ ಇಡೀ ತರಗತಿ ಕೈ ಎತ್ತಿದರೆ ಸಾಕು ಎಂಬುದಕ್ಕೂ ಶಿಕ್ಷಕಿ ಒಪ್ಪಿದರು. ಇಷ್ಟು ಮಾಡಿದ ಮೇಲೆ ಮೂತ್ರದ ತೊಂದರೆ ಮತ್ತೆ ಬರಲಿಲ್ಲ.

ಮಾತಿನ ಕೆಲಸಕ್ಕೆ ಅಜ್ಜಿಯನ್ನು ಕರೆಸಲು ಹೇಳಿದೆ. ವಾರಕ್ಕೆ ಮೂರು ದಿನ, ಶಾಲೆ ಬಿಟ್ಟ ಮೇಲೆ ಹದಿನೈದು ನಿಮಿಷ, ಸಲಹಾ ಕೊಠಡಿಯ ನೆಲದ ಮೇಲೆ ಅಜ್ಜಿ ಮೊಮ್ಮಗಳು ಇಬ್ಬರೇ ಕುಳಿತು ಚೌಕಾಬಾರ ಆಡಬೇಕು. ಬಾಗಿಲು ತೆರೆದಿರಬೇಕು, ಸಲಹೆಗಾರ್ತಿ ಹೊರಗೆ ಕಾರಿಡಾರಿನಲ್ಲಿ ಬೆನ್ನು ಮಾಡಿ ಏನಾದರೂ ಬರೆಯುತ್ತಿರಬೇಕು. ಈ ಆಟ ನನ್ನ ಮನಸ್ಸಿಗೆ ಬಂದದ್ದಕ್ಕೆ ಕಾರಣವಿದೆ. ಕವಡೆ ಹಾಕಿದಾಗ ಬಿದ್ದ ಗರವನ್ನು ಕೂಗಿ ಹೇಳುವುದು ರೂಢಿ, ಆ ಕೂಗು ಯಾರ ಪ್ರಶ್ನೆಗೂ ಉತ್ತರವಲ್ಲ. ನಾಲ್ಕು ದಿನ ಪಿಸುಮಾತೂ ಇರಲಿಲ್ಲ. ಐದನೆಯ ಸಲ ನಾಲ್ಕು ಕವಡೆಯೂ ಬೋರಲು ಬಿದ್ದಾಗ ಹುಡುಗಿ ಅಜ್ಜಿಯ ಕಿವಿಗೆ ಬಾಯಿಟ್ಟು ‘ಬಾರ’ ಎಂದಳು. ಹೊರಗಿದ್ದ ಸಲಹೆಗಾರ್ತಿಗೆ ಅದು ಕೇಳಿಸಿತು. ನಾನು ಮೊದಲೇ ಎಚ್ಚರಿಸಿದ್ದೆ, ಅಂಥ ಗಳಿಗೆಯಲ್ಲಿ ತಿರುಗಿ ನೋಡಬಾರದು, ಭೇಷ್ ಎನ್ನಬಾರದು, ಚಪ್ಪಾಳೆಯಂತೂ ಕೂಡದು. ಅವರು ಬರೆಯುತ್ತಲೇ ಇದ್ದರು. ಕೈ ನಡುಗಿ ಆ ಸಾಲು ಸೊಟ್ಟಗಾಗಿದೆ ಎಂದು ಮುಂದಿನ ಭೇಟಿಯಲ್ಲಿ ಪುಸ್ತಕ ತೋರಿಸಿದರು.

ಅಲ್ಲಿಂದ ಮುಂದೆ ಅವರ ಕುರ್ಚಿ ದಿನಕ್ಕೊಂದು ಹೆಜ್ಜೆಯಂತೆ ಹೊಸ್ತಿಲಿಗೆ, ಆಮೇಲೆ ಒಳಗೆ ಬಂತು. ದಸರಾ ರಜೆ ಮುಗಿದ ಮೇಲೆ ಅವರೂ ಆಟಕ್ಕೆ ಕುಳಿತರು, ಅಜ್ಜಿ ನಿಧಾನವಾಗಿ ಬಾಗಿಲಿನತ್ತ ಸರಿದರು, ಒಬ್ಬ ಗೆಳತಿ ಸೇರಿಕೊಂಡಳು. ರಜೆಯಲ್ಲಿ ಬಂದ ಚಿಕ್ಕಪ್ಪ ‘ಶಾಲೆಯಲ್ಲಿ ಮಾತಾಡಿದರೆ ಸೈಕಲ್ ಕೊಡಿಸುತ್ತೇನೆ’ ಎಂದದ್ದರಿಂದ ಎರಡು ವಾರ ಹಿಂದಕ್ಕೆ ಹೋದದ್ದೂ ಉಂಟು. ಶಿಕ್ಷಕಿಗೆ ಹೇಳಿದ್ದು ಇಷ್ಟು: ‘ಮಾತಾಡು’ ಎನ್ನಬೇಡಿ, ‘ಕೆಂಪು ಪೆನ್ಸಿಲ್ ಬೇಕೋ ನೀಲಿಯದೋ’ ಎಂಬಂತೆ ಬೆರಳು ತೋರಿಸಿಯೂ ಉತ್ತರಿಸಬಹುದಾದ ಪ್ರಶ್ನೆ ಕೇಳಿ, ಮನಸ್ಸಿನಲ್ಲೇ ಐದರವರೆಗೆ ಎಣಿಸಿ, ಉತ್ತರ ಬರದಿದ್ದರೆ ಬೇಸರ ತೋರಿಸದೆ ಮುಂದುವರಿಯಿರಿ. ಎಲ್ಲರೆದುರು ಗದರಿಸಿದ್ದರ ಬಗ್ಗೆ ನಾವು ಆ ಶಿಕ್ಷಕಿಯನ್ನು ಪ್ರಶ್ನಿಸಲಿಲ್ಲ. ವಿಷಯ ತಿಳಿದ ಮೇಲೆ ಅವರೇ ಹುಡುಗಿಯ ಬಳಿ ಕುಳಿತು ‘ಅವತ್ತು ನಾನು ಹಾಗೆ ಹೇಳಬಾರದಿತ್ತು ಪುಟ್ಟ’ ಎಂದರಂತೆ. ನಲವತ್ತೈದು ಮಕ್ಕಳನ್ನು ಒಬ್ಬರೇ ಸಂಭಾಳಿಸುವವರನ್ನು ದೂರುವುದರಿಂದ ಮಗುವಿಗೆ ಏನೂ ಸಿಗುವುದಿಲ್ಲ ಎಂಬುದು ನನ್ನ ಗಟ್ಟಿ ಅಭಿಪ್ರಾಯ.

ಇದನ್ನೆಲ್ಲ ಹೇಳುತ್ತಿರುವುದು, ಪ್ರಾಥಮಿಕ ಶಾಲೆಯ ಆಪ್ತಸಲಹೆಯೆಂದರೆ ಕೊಠಡಿಯಲ್ಲಿ ಮಗುವಿನೆದುರು ಕುಳಿತು ಮಾತಾಡುವುದು ಎಂಬ ಕಲ್ಪನೆಯೇ ಈ ಯುವತಿಯನ್ನು ಸೋಲಿಸಿತ್ತು ಎಂಬ ಕಾರಣಕ್ಕೆ. ಏಳು ವರ್ಷದ ಮಗು ತನ್ನ ಕಷ್ಟವನ್ನು ವಾಕ್ಯದಲ್ಲಿ ಹೇಳುವುದಿಲ್ಲ. ಸೋಮವಾರದ ಹೊಟ್ಟೆನೋವಿನಲ್ಲಿ, ತಿನ್ನದೆ ಮರಳಿ ಬರುವ ಟಿಫನ್ ಡಬ್ಬಿಯಲ್ಲಿ, ಒದ್ದೆಯಾದ ಯೂನಿಫಾರ್ಮಿನಲ್ಲಿ ಹೇಳುತ್ತದೆ. ಅದನ್ನು ಕಾಣಬೇಕಾದರೆ ಬೆಳಿಗ್ಗೆ ಗೇಟಿನ ಬಳಿ ನಿಲ್ಲಬೇಕು, ಊಟದ ಹೊತ್ತಿನಲ್ಲಿ ಮಕ್ಕಳ ಜೊತೆ ಕೂರಬೇಕು, ತರಗತಿಯ ಹಿಂದಿನ ಬೆಂಚಿನಲ್ಲಿ ಕುಳಿತು ನೋಡಬೇಕು, ಶಾಲಾ ವಾಹನದ ಆಯಾ ಹೇಳುವ ಮಾತಿಗೆ ಕಿವಿಗೊಡಬೇಕು. ಕಂಡದ್ದನ್ನು ಸರಿಪಡಿಸುವ ಕೆಲಸದ ಬಹುಪಾಲು ದೊಡ್ಡವರ ಜೊತೆಗೇ ನಡೆಯುತ್ತದೆ.

ಮುಖ್ಯಶಿಕ್ಷಕರೊಂದಿಗಿನ ತಕರಾರಿಗೆ, ತಮ್ಮ ಕೆಲಸವೇನು ಎಂಬುದನ್ನು ಒಂದು ಪುಟದಲ್ಲಿ ಬರೆದು ಅವರ ಒಪ್ಪಿಗೆ ಪಡೆಯಲು ಹೇಳಿದೆ. ಶಿಕ್ಷೆಯಾಗಿ ಮಕ್ಕಳನ್ನು ಕಳಿಸುವಂತಿಲ್ಲ. ಬದಲಿ ಪೀರಿಯಡ್ ವಾರಕ್ಕೆ ಎರಡಕ್ಕಿಂತ ಹೆಚ್ಚು ಬೇಡ, ಅವುಗಳಲ್ಲೂ ಭಾವನೆಗಳ ಪರಿಚಯ, ಜಗಳ ಬಗೆಹರಿಸುವುದು, ಸುರಕ್ಷಿತ ಮತ್ತು ಅಸುರಕ್ಷಿತ ಸ್ಪರ್ಶದಂಥ ಪಾಠ ಮಾಡುವ ಅವಕಾಶವಿರಬೇಕು. ಟಿಪ್ಪಣಿಗಳು ಬೀಗ ಹಾಕಿದ ಕಪಾಟಿನಲ್ಲಿರುತ್ತವೆ, ಮುಖ್ಯಶಿಕ್ಷಕರಿಗೆ ಹೇಳುವುದು ಮಗುವಿಗೆ ಶಾಲೆಯಿಂದ ಏನು ಬೇಕು ಎಂಬುದನ್ನು ಮಾತ್ರ. ಈ ಗೌಪ್ಯತೆಗೆ ಒಂದು ಮಿತಿಯಿದೆ. ಲೈಂಗಿಕ ದೌರ್ಜನ್ಯ ನಡೆದಿರುವುದು ತಿಳಿದರೆ ಅಥವಾ ನಡೆಯಬಹುದೆಂಬ ಆತಂಕ ಬಂದರೂ, 2012ರ ಪೋಕ್ಸೊ ಕಾಯಿದೆಯ 19ನೇ ಕಲಮಿನಂತೆ ಪೊಲೀಸರಿಗೆ ಅಥವಾ ವಿಶೇಷ ಬಾಲಾಪರಾಧಿ ಪೊಲೀಸ್ ಘಟಕಕ್ಕೆ ತಿಳಿಸಲೇಬೇಕು. ಮುಖ್ಯಶಿಕ್ಷಕರಿಗೆ ಹೇಳಿ ಕೈತೊಳೆದುಕೊಳ್ಳಲು ಬರುವುದಿಲ್ಲ. ಮಕ್ಕಳ ಸಹಾಯವಾಣಿ 1098 ಕೂಡ ಇದೆ. ಈ ಮಿತಿಯನ್ನು ವರ್ಷದ ಆರಂಭದಲ್ಲೇ ಮಕ್ಕಳಿಗೂ ಪೋಷಕರಿಗೂ ಹೇಳಿಡಬೇಕು.

ಕೆಲಸ ಬಿಟ್ಟು ಕ್ಲಿನಿಕಲ್ ಸೈಕಾಲಜಿ ಓದುವ ಅವರ ಯೋಚನೆಯನ್ನು ನಾನು ತಡೆಯಲಿಲ್ಲ. ಭಾರತೀಯ ಪುನರ್ವಸತಿ ಪರಿಷತ್ತು ಮಾನ್ಯ ಮಾಡಿದ ತರಬೇತಿ ಮತ್ತು ನೋಂದಣಿ ಇದ್ದರೆ ರೋಗನಿರ್ಣಯದ, ಆಸ್ಪತ್ರೆಯ ದಾರಿ ತೆರೆಯುತ್ತದೆ. ಶಾಲೆಯಲ್ಲೇ ಉಳಿಯುವುದಾದರೆ ಎನ್‌ಸಿಇಆರ್‌ಟಿಯ ಒಂದು ವರ್ಷದ ಮಾರ್ಗದರ್ಶನ ಮತ್ತು ಆಪ್ತಸಮಾಲೋಚನೆ ಡಿಪ್ಲೊಮಾ ಹೆಚ್ಚು ಉಪಯುಕ್ತ, ಮೈಸೂರಿನ ಪ್ರಾದೇಶಿಕ ಶಿಕ್ಷಣ ಸಂಸ್ಥೆ ಅದರ ಅಧ್ಯಯನ ಕೇಂದ್ರಗಳಲ್ಲೊಂದು. ಎರಡೂ ಗೌರವದ ದಾರಿಗಳೇ. ಸೋತೆನೆಂಬ ಭಾವನೆಯಲ್ಲಿ ಮಾತ್ರ ಆಯ್ಕೆ ಮಾಡಬೇಡಿ, ಮಾರ್ಚ್‌ವರೆಗೆ ಕಾಯಿರಿ, ತಿಂಗಳಿಗೊಮ್ಮೆ ನನ್ನ ಬಳಿ ಬಂದು ಪ್ರಕರಣಗಳನ್ನು ಚರ್ಚಿಸಿ ಎಂದೆ.

ಮಾರ್ಚ್‌ನಲ್ಲಿ ಅವರು ಡಿಪ್ಲೊಮಾದ ಬಗ್ಗೆ ವಿಚಾರಿಸಿ ಬಂದರು. ಬದಲಿ ಪೀರಿಯಡ್ಡುಗಳು ಎರಡಕ್ಕೆ ಇಳಿದಿರಲಿಲ್ಲ, ನಾಲ್ಕಿದ್ದವು. ಹುಡುಗಿ ಇಡೀ ತರಗತಿಯೆದುರು ಇನ್ನೂ ಮಾತಾಡುವುದಿಲ್ಲ. ಪಕ್ಕದ ಇಬ್ಬರು ಗೆಳತಿಯರೊಂದಿಗೆ ಸಣ್ಣ ಧ್ವನಿಯಲ್ಲಿ ಮಾತಾಡುತ್ತಾಳೆ, ಶಿಕ್ಷಕಿಗೆ ಓದಿನ ಪಾಠವನ್ನು ಮೇಜಿನ ಬಳಿ ಬಂದು ಓದಿ ಒಪ್ಪಿಸುತ್ತಾಳೆ. ಮೂರನೇ ತರಗತಿಗೆ ಶಿಕ್ಷಕಿ ಬದಲಾಗುವುದರಿಂದ, ಹೊಸ ಶಿಕ್ಷಕಿಯನ್ನು ಮೇ ತಿಂಗಳ ಕೊನೆಯಲ್ಲಿ, ಶಾಲೆ ಖಾಲಿ ಇರುವಾಗಲೇ, ಚೌಕಾಬಾರದ ಮಣೆಗೆ ಕರೆಯುವುದೆಂದು ಗೊತ್ತುಮಾಡಿದ್ದೇವೆ. ಅಜ್ಜಿ ಬರಲು ಒಪ್ಪಿದ್ದಾರೆ.