ಫೈಲಿನ ಬಾಲ ನೋಡದೆ ಒತ್ತಿದವರಿಗೆ

ತುಮಕೂರಿನ ಬಿ.ಎಚ್. ರಸ್ತೆಯ ಪಕ್ಕದ ಗಲ್ಲಿಯಲ್ಲಿ ಕಂಪ್ಯೂಟರ್ ರಿಪೇರಿಗೆ ಕುಳಿತು ಇಪ್ಪತ್ತಾರು ವರ್ಷವಾಯಿತು. ಈ ಸಲ ಬಂದ ಪತ್ರಗಳಲ್ಲಿ ಅರ್ಧಕ್ಕೂ ಹೆಚ್ಚಿನವು ‘ಯಾವ ಆಂಟಿವೈರಸ್ ಹಾಕಿಸಲಿ’ ಎಂದೇ ಕೇಳುತ್ತವೆ. ಎಲ್ಲರಿಗೂ ಒಂದೇ ಉತ್ತರ: ವಿಂಡೋಸ್ ಜೊತೆಗೇ ಬರುವ ಡಿಫೆಂಡರ್ ಸಾಕು, ಅದನ್ನು ನಿಲ್ಲಿಸಬೇಡಿ. ನಿಲ್ಲಿಸಿದವರೊಬ್ಬರ ಪತ್ರ ಕೆಳಗಿದೆ.

*ಚಿಂತಾಮಣಿಯಲ್ಲಿ ನನ್ನದೊಂದು ಫೋಟೊ ಸ್ಟುಡಿಯೊ ಇದೆ. ಭಾನುವಾರ ಬೆಳಿಗ್ಗೆ ಕಂಪ್ಯೂಟರ್ ಆನ್ ಮಾಡಿದರೆ ಮದುವೆ ಫೋಟೊಗಳೆಲ್ಲ ಜೆಪಿಜಿ ಎಂಬುದರ ಮುಂದೆ ಇನ್ನೂ ನಾಲ್ಕು ಅಕ್ಷರ ಅಂಟಿಸಿಕೊಂಡಿವೆ, ಒಂದೂ ತೆರೆಯುತ್ತಿಲ್ಲ. ಪ್ರತಿ ಫೋಲ್ಡರ್‌ನಲ್ಲೂ ಒಂದು ಇಂಗ್ಲಿಷ್ ಚೀಟಿ: 980 ಡಾಲರ್ ಕೊಡಿ, 72 ಗಂಟೆಯೊಳಗೆ ಬಂದರೆ ಅರ್ಧ ಬೆಲೆ. ಇಲ್ಲಿಯ ಒಬ್ಬರು 25 ಸಾವಿರ ಕೊಟ್ಟರೆ ವೈರಸ್ ತೆಗೆದು ಫೋಟೊ ತೆರೆದುಕೊಡುತ್ತೇನೆ ಎನ್ನುತ್ತಾರೆ. ಕೊಡಲೇ ಸರ್?*

ಕೊಡಬೇಡಿ. ಅವರಿಗೂ ಬೇಡ, ಚೀಟಿ ಬರೆದವರಿಗೂ ಬೇಡ.

ನೀವು ಬರೆಯದೆ ಬಿಟ್ಟದ್ದನ್ನು ನಾನೇ ಬರೆಯುತ್ತೇನೆ, ತಪ್ಪಿದ್ದರೆ ತಿದ್ದಿ. ಶನಿವಾರ ಆಲ್ಬಂ ವಿನ್ಯಾಸಕ್ಕೋ ವಿಡಿಯೊ ಎಡಿಟಿಂಗ್‌ಗೋ ಯಾವುದೋ ದುಬಾರಿ ಸಾಫ್ಟ್‌ವೇರ್‌ನ ಕ್ರ್ಯಾಕ್ ಪ್ರತಿ, ಅಂದರೆ ಹಣ ಕೊಡದೆ ಓಡುವಂತೆ ಬೀಗ ಮುರಿದದ್ದು, ಇಳಿಸಿಕೊಂಡಿರಿ. ‘ಮೊದಲು ಆಂಟಿವೈರಸ್ ನಿಲ್ಲಿಸಿ’ ಎಂದು ಅದರ ಜೊತೆಗೇ ಸೂಚನೆ ಇತ್ತು. ನಿಲ್ಲಿಸಿದಿರಿ. ವಿಂಡೋಸ್ ಅಪ್‌ಡೇಟ್ ಆಗುತ್ತಿದೆ ಎಂಬ ಕಿಟಕಿ ತೆರೆದುಕೊಂಡಿತು, ಆಗಲಿ ಎಂದು ಅಂಗಡಿಯ ಷಟರ್ ಎಳೆದು ಮನೆಗೆ ಹೋದಿರಿ. ಆ ಕಿಟಕಿ ಬರೀ ತೆರೆ. ಅದರ ಹಿಂದೆ ನಿಮ್ಮ ಫೋಟೊಗಳಿಗೆ ಒಂದೊಂದಾಗಿ ಬೀಗ ಬೀಳುತ್ತಿತ್ತು.

ಇದು ಜ್ಯೋತಿಷ್ಯವಲ್ಲ. 980 ಡಾಲರ್, 72 ಗಂಟೆ, ಅರ್ಧ ಬೆಲೆ, ನಾಲ್ಕಕ್ಷರದ ಬಾಲ: ಇದು ‘ಸ್ಟಾಪ್’ ಎಂಬ ರಾನ್ಸಮ್‌ವೇರ್ (ಫೈಲುಗಳಿಗೆ ಬೀಗ ಜಡಿದು ಹಣ ಕೇಳುವ ಪ್ರೋಗ್ರಾಮ್) ವಂಶದ ಕೈಬರಹ. ಆ ವಂಶ ಮುಖ್ಯವಾಗಿ ಹರಡುವುದೇ ಕ್ರ್ಯಾಕ್ ಮತ್ತು ಆ್ಯಕ್ಟಿವೇಟರ್ ಫೈಲುಗಳ ಮೂಲಕ. ಡಿಟಿಪಿ ಕೇಂದ್ರ, ಫ್ಲೆಕ್ಸ್ ಅಂಗಡಿ, ಸ್ಟುಡಿಯೊಗಳಿಂದ ನನ್ನ ಮೇಜಿಗೆ ಬರುವ ಇಂಥ ಯಂತ್ರಗಳ ಕಥೆ ಹೆಚ್ಚುಕಡಿಮೆ ಇಷ್ಟೇ.

ಇನ್ನು ಆ 25 ಸಾವಿರದ ಮಾತು. ವೈರಸ್ ತೆಗೆಯುವುದು ಬೇರೆ, ಫೋಟೊ ತೆರೆಯುವುದು ಬೇರೆ. ಕಳ್ಳನನ್ನು ಊರು ಬಿಡಿಸಿದರೂ ಅವನು ಜಡಿದುಹೋದ ಬೀಗ ಬಾಗಿಲಲ್ಲೇ ಇರುತ್ತದೆ. ಬೀಗದ ಕೈ ಇರುವುದು ಆ ಕಳ್ಳರ ಸರ್ವರ್‌ನಲ್ಲಿ. ಅದನ್ನು ಊಹಿಸಿ ಕಂಡುಹಿಡಿಯುವ ಕಂಪ್ಯೂಟರ್ ನಿಮ್ಮೂರಿನಲ್ಲೂ ಇಲ್ಲ, ಬೆಂಗಳೂರಿನಲ್ಲೂ ಇಲ್ಲ. ‘ತೆರೆದುಕೊಡುತ್ತೇನೆ’ ಎನ್ನುವವರು ಒಳಗೊಳಗೇ ಕಳ್ಳರಿಗೆ ಹಣ ಕಟ್ಟಿ ಮೇಲೆ ತಮ್ಮ ಪಾಲು ಇಟ್ಟುಕೊಳ್ಳುತ್ತಾರೆ, ಇಲ್ಲವೇ ಮುಂಗಡ ಪಡೆದು ಫಾರ್ಮ್ಯಾಟ್ ಮಾಡಿ ಕೈ ಚೆಲ್ಲುತ್ತಾರೆ. ಹಾಗೆ ಫಾರ್ಮ್ಯಾಟ್ ಆದ ಡಿಸ್ಕ್ ಹಿಡಿದು ನನ್ನ ಬಳಿಗೆ ಬಂದವರಿಗೆ ನಾನು ಚಹಾ ತರಿಸಬಲ್ಲೆ, ಅದಕ್ಕಿಂತ ಹೆಚ್ಚೇನೂ ಮಾಡಲಾರೆ.

ಹಾಗಾದರೆ ದಾರಿ ಇದೆಯೇ? ಸ್ವಲ್ಪ ಇದೆ. ಆ ಹಾರ್ಡ್ ಡಿಸ್ಕ್ ಬಿಚ್ಚಿಸಿ, ಚೀಟಿಯ ಸಮೇತ ಎತ್ತಿಡಿ. ಚೀಟಿಯ ಕೊನೆಯಲ್ಲಿ ಅರ್ಥವಿಲ್ಲದ ಅಕ್ಷರಗಳ ಸಾಲೊಂದು ನಿಮ್ಮ ಗುರುತಿನ ಸಂಖ್ಯೆ ಎಂದು ಇರುತ್ತದೆ, ಅದರ ಕೊನೆಯ ಎರಡು ಅಕ್ಷರ ನೋಡಿ. ಸಾಮಾನ್ಯವಾಗಿ ಈ ದುಷ್ಟ ಪ್ರೋಗ್ರಾಮ್ ಪ್ರತಿಯೊಬ್ಬರಿಗೂ ತನ್ನ ಸರ್ವರ್‌ನಿಂದ ಬೇರೆ ಬೇರೆ ಕೀ ತರಿಸಿಕೊಳ್ಳುತ್ತದೆ. ಆ ಹೊತ್ತಿಗೆ ಸರ್ವರ್ ಸಿಗದಿದ್ದರೆ ತನ್ನೊಳಗೇ ಇರುವ ಸಿದ್ಧ ಕೀ ಬಳಸುತ್ತದೆ, ಆಗ ಗುರುತಿನ ಸಂಖ್ಯೆ ‘ಟಿ1’ (t1) ಎಂದು ಮುಗಿಯುತ್ತದೆ. ಸಿದ್ಧ ಕೀ ಹಲವರಿಗೆ ಒಂದೇ ಆದ್ದರಿಂದ ಒಬ್ಬರಿಗೆ ಸಿಕ್ಕರೆ ಉಳಿದವರಿಗೂ ಸಿಕ್ಕಂತೆ. ನಿಮ್ಮದು ಹಾಗೆ ಮುಗಿದಿದ್ದರೆ ಡಿಸ್ಕ್ ಜೋಪಾನವಾಗಿಟ್ಟು ಕಾಯುವುದರಲ್ಲಿ ಅರ್ಥವಿದೆ. 2016ರಲ್ಲಿ ಡಚ್ ಪೊಲೀಸರು ಮತ್ತು ಯೂರೋಪಿನ ಪೊಲೀಸ್ ಸಂಸ್ಥೆ ಯೂರೋಪೋಲ್ ಎರಡು ಭದ್ರತಾ ಕಂಪನಿಗಳ ಜೊತೆ ಸೇರಿ ಆರಂಭಿಸಿದ ‘ನೋ ಮೋರ್ ರಾನ್ಸಮ್’ ಜಾಲತಾಣದಲ್ಲಿ ಬೀಗ ತೆರೆಯುವ ಉಚಿತ ಸಾಧನಗಳಿವೆ, ಅಲ್ಲಿ ಹುಡುಕಿ. ಬೇರೆಲ್ಲೋ ಸಿಕ್ಕಿದ ‘ಡಿಕ್ರಿಪ್ಟರ್’ ಇಳಿಸಿಕೊಳ್ಳಬೇಡಿ. ಡಿಕ್ರಿಪ್ಟರ್ ಎಂಬ ಹೆಸರಿನಲ್ಲೇ ಎರಡನೆಯ ಬೀಗ ಹಾಕಿದ ಮಹಾನುಭಾವರೂ ಇದ್ದಾರೆ.

ಇನ್ನೊಂದು ವಿಷಯ. ಅವಸರದ ಕಳ್ಳನಂತೆ ಇದು ಪ್ರತಿ ಫೈಲಿನ ಮೊದಲ 150 ಕಿಲೋಬೈಟ್‌ನಷ್ಟನ್ನು ಮಾತ್ರ ಕೆಡಿಸುತ್ತದೆ. ಹತ್ತು ಗಿಗಾಬೈಟ್‌ನ ಮದುವೆ ವಿಡಿಯೊಗೆ ಅದು ಚಿಟಿಕೆಯಷ್ಟು. ಅದೇ ಕ್ಯಾಮೆರಾದಲ್ಲಿ ತೆಗೆದ, ಕೆಡದ ವಿಡಿಯೊ ಒಂದನ್ನು ಮಾದರಿಯಾಗಿ ಕೊಟ್ಟು ಉಳಿದ ಭಾಗವನ್ನು ಬದುಕಿಸುವ ಸಾಧನಗಳಿವೆ. ಎಲ್ಲವೂ ಬರುತ್ತದೆ ಎಂದು ಮಾತು ಕೊಡುವುದಿಲ್ಲ, ನಕಲು ಪ್ರತಿಯ ಮೇಲಷ್ಟೇ ಪ್ರಯತ್ನಿಸಿ.

ನಾನು ನಿಮ್ಮ ಜಾಗದಲ್ಲಿದ್ದಿದ್ದರೆ ಕಂಪ್ಯೂಟರ್ ಮುಟ್ಟುವ ಮೊದಲು ಕ್ಯಾಮೆರಾ ಚೀಲ ಹುಡುಕುತ್ತಿದ್ದೆ. ಮೆಮೊರಿ ಕಾರ್ಡ್‌ಗಳಲ್ಲಿ ಅಳಿಸಿದ ಫೋಟೊ, ಅದರ ಮೇಲೆ ಹೊಸದನ್ನು ತೆಗೆಯುವವರೆಗೆ ಅಲ್ಲೇ ಇರುತ್ತದೆ. ‘ಫೋಟೊರೆಕ್’ ಎಂಬ ಉಚಿತ ಸಾಫ್ಟ್‌ವೇರ್ ಅದನ್ನು ಎತ್ತಿಕೊಡುತ್ತದೆ. ಆದ್ದರಿಂದ ಈ ವಾರದ ಮದುವೆಗೆ ಹೊಸ ಕಾರ್ಡ್ ಕೊಂಡುಕೊಳ್ಳಿ, ಹಳೆಯದನ್ನು ಮುಟ್ಟಬೇಡಿ. ಆಲ್ಬಂ ಪ್ರಿಂಟ್ ಹಾಕಿಸಿದ ಲ್ಯಾಬ್‌ಗೆ ಫೋನ್ ಮಾಡಿ, ಪುಟಗಳು ಅಲ್ಲಿ ಉಳಿದಿರಬಹುದು. ಪೆನ್‌ಡ್ರೈವ್‌ನಲ್ಲಿ ಫೋಟೊ ಕೊಟ್ಟಿದ್ದ ಮನೆಯವರನ್ನು ಕೇಳಲು ಸಂಕೋಚಪಡಬೇಡಿ.

ಈ ವಂಶದ ಜೊತೆ ಪಾಸ್‌ವರ್ಡ್ ಕದಿಯುವ ತಂಗಿಯೊಬ್ಬಳು ಬರುವುದುಂಟು. ಬೇರೆ ಸಾಧನದಿಂದ ಇಮೇಲ್, ಬ್ಯಾಂಕಿನ ಪಾಸ್‌ವರ್ಡ್‌ಗಳನ್ನು ಬದಲಾಯಿಸಿ. ಜಿಲ್ಲೆಯ ಸೆನ್ (ಸೈಬರ್, ಆರ್ಥಿಕ, ಮಾದಕವಸ್ತು ಅಪರಾಧಗಳ) ಪೊಲೀಸ್ ಠಾಣೆಯಲ್ಲಿ ದೂರು ಕೊಡಿ. ಫೋಟೊ ತಂದುಕೊಡುತ್ತಾರೆಂದಲ್ಲ, ನಾಳೆ ಗಿರಾಕಿ ಜಗಳಕ್ಕೆ ಬಂದರೆ ಕೈಯಲ್ಲೊಂದು ಕಾಗದವಿರಲಿ.

ಬ್ಯಾಕಪ್ ಬಗ್ಗೆ ನೀವು ಕೇಳಲಿಲ್ಲ, ನಾನು ಬಿಡುವುದಿಲ್ಲ. ಗುಬ್ಬಿಯ ಡಿಟಿಪಿ ಅಂಗಡಿಯವರೊಬ್ಬರು ಬ್ಯಾಕಪ್‌ಗೆಂದೇ ಹೊರಗಿನ ಡಿಸ್ಕ್ ಕೊಂಡಿದ್ದರು. ಅದು ವರ್ಷವಿಡೀ ಸಿಪಿಯುಗೆ ಚುಚ್ಚಿಕೊಂಡೇ ಇತ್ತು. ಬೀಗ ಬಿದ್ದ ದಿನ ಎರಡಕ್ಕೂ ಬಿತ್ತು: ಹನ್ನೊಂದು ವರ್ಷದ ಲಗ್ನಪತ್ರಿಕೆ, ಬಾಡಿಗೆ ಕರಾರು, ನುಡಿಯಲ್ಲಿ ಟೈಪ್ ಮಾಡಿದ ಒಂದು ಇಡೀ ಪಿಎಚ್‌ಡಿ ಪ್ರಬಂಧ. ಪ್ರತಿ ಮಾಡಿಕೊಂಡ ಮೇಲೆ ವಯರ್ ಕಿತ್ತು ಡಿಸ್ಕನ್ನು ಬೀರುವಿಗೆ ಹಾಕಬೇಕು. ನನ್ನವು ಎರಡಿವೆ, ಒಂದು ಶಿರಾದ ತಂಗಿಯ ಮನೆಯಲ್ಲಿ. ಅತಿಯಾಯಿತು ಎಂದು ಅವಳು ನಗುತ್ತಾಳೆ. ನಗಲಿ.

*ತುಮಕೂರಿನಲ್ಲಿ ಬಿ.ಕಾಂ. ಓದುತ್ತಿದ್ದೇನೆ. ಜೆರಾಕ್ಸ್ ಅಂಗಡಿಯಲ್ಲಿ ಪ್ರಾಜೆಕ್ಟ್ ಪ್ರಿಂಟ್ ತೆಗೆಸಿ ಬಂದ ಮೇಲೆ ಪೆನ್‌ಡ್ರೈವ್‌ನ ಫೋಲ್ಡರ್‌ಗಳೆಲ್ಲ ಶಾರ್ಟ್‌ಕಟ್ ಆಗಿವೆ. ಗೆಳೆಯರು ಫಾರ್ಮ್ಯಾಟ್ ಮಾಡು ಎನ್ನುತ್ತಾರೆ.*

ಗೆಳೆಯರಿಗೆ ಕೆಲಸವಿಲ್ಲ. ಫೋಲ್ಡರ್‌ಗಳು ಎಲ್ಲಿಗೂ ಹೋಗಿಲ್ಲ, ಅಡಗಿಸಲ್ಪಟ್ಟಿವೆ. ಅದೇ ಹೆಸರಿನ ಶಾರ್ಟ್‌ಕಟ್ ಒತ್ತಿದಾಗ ಫೋಲ್ಡರ್ ತೆರೆಯುತ್ತದೆ, ಹಿಂದೆಯೇ ವೈರಸ್ಸೂ ಓಡುತ್ತದೆ, ನಿಮಗೆ ಅನುಮಾನವೇ ಬರುವುದಿಲ್ಲ. ಫೋಲ್ಡರ್ ಆಪ್ಷನ್ಸ್‌ನಲ್ಲಿ ಅಡಗಿದ ಫೈಲುಗಳನ್ನು ತೋರಿಸು ಎಂದು ಹೇಳಿ, ವಿಂಡೋಸ್‌ನ ಸಂರಕ್ಷಿತ ಫೈಲುಗಳನ್ನು ಮರೆಮಾಡು ಎಂಬಲ್ಲಿಯ ಗುರುತನ್ನೂ ತೆಗೆಯಿರಿ. ಮಸುಕು ಮಸುಕಾಗಿ ಎಲ್ಲವೂ ಎದ್ದು ಬರುತ್ತವೆ. ಪ್ರಾಜೆಕ್ಟನ್ನು ಪ್ರತಿ ಮಾಡಿಕೊಳ್ಳಿ, ಫಾರ್ಮ್ಯಾಟ್ ಆಮೇಲೆ. ಮನೆಯಲ್ಲಿ ಶಾರ್ಟ್‌ಕಟ್ ಒತ್ತಿದ್ದರೆ ಲ್ಯಾಪ್‌ಟಾಪ್‌ಗೂ ಹತ್ತಿರುತ್ತದೆ, ಮೊದಲು ಅದನ್ನು ಸ್ಕ್ಯಾನ್ ಮಾಡಿ. ಮುಂದಿನ ಸಲ ಒಂದೇ ಒಂದು ಪಿಡಿಎಫ್ ಇರುವ ಪೆನ್‌ಡ್ರೈವ್ ಒಯ್ಯಿರಿ, ಮೂರು ವರ್ಷದ ಸಂಸಾರವನ್ನೆಲ್ಲ ಹೊತ್ತುಕೊಂಡು ಹೋಗಬೇಡಿ.

*ಮಾಲೂರು ಕಡೆಯ ಹಾಲಿನ ಡೇರಿಯ ಕಾರ್ಯದರ್ಶಿ ನಾನು. ನಮ್ಮ ವಿಂಡೋಸ್ 7 ಚೆನ್ನಾಗಿಯೇ ಓಡುತ್ತಿದೆ. ಬದಲಾಯಿಸಲೇಬೇಕೆ?*

ಇಂಟರ್‌ನೆಟ್ ಕಿತ್ತು ಹಾಲಿನ ಲೆಕ್ಕಕ್ಕಷ್ಟೇ ಇಟ್ಟುಕೊಂಡರೆ ಇರಲಿ, ಇಲ್ಲವಾದರೆ ಬದಲಾಯಿಸಿ. 2020ರ ಜನವರಿ 14ಕ್ಕೆ ಅದರ ಭದ್ರತಾ ಬೆಂಬಲ ಮುಗಿದಿದೆ. 2017ರ ಮೇ 12ರಂದು ಜಗತ್ತನ್ನೇ ಹಿಡಿದ, ಬೀಗ ಜಡಿದು ಹಣ ಕೇಳುವ ವಾನಾಕ್ರೈ ನೆನಪಿದೆಯೇ? ಅದು ಬಳಸಿದ ಬಿರುಕಿಗೆ ಮೈಕ್ರೋಸಾಫ್ಟ್ ಮಾರ್ಚ್ ತಿಂಗಳಲ್ಲೇ ತೇಪೆ ಕೊಟ್ಟಿತ್ತು. ಎರಡು ತಿಂಗಳು ‘ಆಮೇಲೆ’ ಎಂದು ಒತ್ತಿಕೊಂಡು ಕುಳಿತವರು ಸಿಕ್ಕಿಬಿದ್ದರು, ಹೆಚ್ಚಿನವರದು ವಿಂಡೋಸ್ 7ರ ಯಂತ್ರವೇ ಆಗಿತ್ತು. ನಿಮಗೆ ಈಗ ತೇಪೆಯೇ ಬರುವುದಿಲ್ಲ.

*ಶಿಡ್ಲಘಟ್ಟದಿಂದ. ಸೋದರಮಾವನ ನಂಬರಿನಿಂದ ವಾಟ್ಸ್‌ಆ್ಯಪ್‌ನಲ್ಲಿ ಮದುವೆ ಆಮಂತ್ರಣ ಬಂತು. ಒತ್ತಿದೆ, ಏನೇನೋ ಕೇಳಿತು, ಒಪ್ಪಿದೆ. ಮಧ್ಯಾಹ್ನದೊಳಗೆ ಗೂಡು ಮಾರಿದ 48 ಸಾವಿರ ಖಾತೆಯಿಂದ ಮಾಯ. ಓಟಿಪಿ ಯಾರಿಗೂ ಹೇಳಿಲ್ಲ, ದೇವರಾಣೆ.*

ಆಣೆ ಬೇಡ, ನಂಬುತ್ತೇನೆ. ಓಟಿಪಿಯನ್ನು ನೀವು ಹೇಳಬೇಕಾಗಿಯೇ ಇರಲಿಲ್ಲ, ‘ಒಪ್ಪಿದೆ’ ಎಂದಾಗ ಎಸ್‌ಎಂಎಸ್ ಓದುವ ಅಧಿಕಾರ ಕೊಟ್ಟಿರಿ. ಆ ಆಮಂತ್ರಣದ ಹೆಸರಿನ ಕೊನೆಯಲ್ಲಿ ‘ಎಪಿಕೆ’ ಎಂದಿತ್ತು, ಅಂದರೆ ಅದು ಕಾರ್ಡ್ ಅಲ್ಲ, ಆ್ಯಪ್. ಮದುವೆಯ ಕರೆಯೋಲೆ ಚಿತ್ರವಾಗಿ ಬರುತ್ತದೆ, ಪಿಡಿಎಫ್ ಆಗಿ ಬರುತ್ತದೆ, ಇನ್‌ಸ್ಟಾಲ್ ಆಗುವುದಿಲ್ಲ. ಸಂಚಾರ ದಂಡ, ಕಿಸಾನ್ ಹಣ ಎಂಬ ಹೆಸರಿನಲ್ಲೂ ಇದೇ ಬಾಲದ ಫೈಲುಗಳು ಓಡಾಡುತ್ತಿವೆ. 2000ದ ಮೇ ತಿಂಗಳಲ್ಲಿ ಫಿಲಿಪ್ಪೀನ್ಸ್‌ನಿಂದ ಹೊರಟ ‘ಐ ಲವ್ ಯು’ ವೈರಸ್ ಕೂಡ ಪ್ರೇಮಪತ್ರದ ಹೆಸರಿಟ್ಟುಕೊಂಡ ಪ್ರೋಗ್ರಾಮೇ ಆಗಿತ್ತು, ವಿಂಡೋಸ್ ಅದರ ಬಾಲವನ್ನು ತೋರಿಸಲಿಲ್ಲ. ನಿಮ್ಮ ಫೋನ್ ತೋರಿಸಿತ್ತು.

ಇದನ್ನು ಓದುವವರೆಗೂ ಕಾಯದೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಿದ್ದೀರೆಂದುಕೊಳ್ಳುತ್ತೇನೆ. ಬೇಗ ತಿಳಿಸಿದರೆ ಹಣ ಇನ್ನೊಂದು ಖಾತೆಯಲ್ಲಿ ತಡೆಹಿಡಿಯುವ ಸಾಧ್ಯತೆ ಇರುತ್ತದೆ. ಕರೆಯನ್ನು ಬೇರೆಯವರ ಫೋನಿನಿಂದ ಮಾಡಿ, ನಿಮ್ಮದು ಏರೋಪ್ಲೇನ್ ಮೋಡ್‌ನಲ್ಲಿರಲಿ. ಬ್ಯಾಂಕಿಗೂ ಹೇಳಿ ಖಾತೆ ತಡೆಸಿ. ಮಾವನ ಮೇಲೆ ಕೋಪ ಬೇಡ, ಅವರ ಫೋನೂ ಹೀಗೆಯೇ ಕೆಟ್ಟಿದೆ. ಈ ಹೊತ್ತಿಗೆ ನಿಮ್ಮ ನಂಬರಿನಿಂದಲೂ ಬಂಧುಬಳಗಕ್ಕೆಲ್ಲ ಅದೇ ಆಮಂತ್ರಣ ಹೋಗಿರಬಹುದು, ಕರೆ ಮಾಡಿ ತಿಳಿಸಿ.

*ಮೊಬೈಲ್‌ನಲ್ಲಿ ‘13 ವೈರಸ್ ಪತ್ತೆಯಾಗಿದೆ’ ಎಂದು ಬರುತ್ತದೆ. (ಕೋಲಾರ)*

ಅದು ಜಾಹೀರಾತು. ಮುಚ್ಚಿ.

*ಆಯುಧಪೂಜೆಯ ದಿನ ನಿಂಬೆಹಣ್ಣು ನಿವಾಳಿಸಿದರೆ ಕಂಪ್ಯೂಟರ್‌ಗೆ ವೈರಸ್ ಬರುವುದಿಲ್ಲ ಎನ್ನುತ್ತಾರೆ. (ಮಧುಗಿರಿ)*

ಪೂಜೆ ನಾನೂ ಮಾಡುತ್ತೇನೆ. ಅದೇ ದಿನ ಶಿರಾದಿಂದ ಡಿಸ್ಕ್ ತರಿಸಿ ಫೈಲುಗಳು ತೆರೆಯುತ್ತವೆಯೇ ಎಂದು ನೋಡುತ್ತೇನೆ. ನಿಂಬೆಹಣ್ಣು ನಿಮ್ಮಿಷ್ಟ. ಕುಂಕುಮವನ್ನು ಮಾತ್ರ ಸಿಪಿಯುವಿನ ಫ್ಯಾನ್ ಜಾಲರಿಗೆ ಹಚ್ಚಬೇಡಿ, ಒಳಗೆ ಎಳೆದುಕೊಳ್ಳುತ್ತದೆ.